‘ನಲವತ್ತಾರು’ ಎಂಬಲ್ಲಿ ‘ಮೂವತ್ತಾರು’ ಎಂದು ಓದಿಕೊಳ್ಳಿ

ಮನೆಯಿಂದ,
ಗುರುವಾರ, 6ನೇ ತಾರೀಖು, ಮಧ್ಯಾಹ್ನ 12.50

ಪ್ರೀತಿಯ ಗುಂಡಾ,

ಅಪ್ಪನ ಬಲಗಡೆಯ ಗಟ್ಟಿ ದವಡೆಹಲ್ಲನ್ನು ಕೀಳಲು ವಿಮಾ ಕಚೇರಿಯಿಂದ ಮಂಜೂರಾತಿ ಬಂದಿದೆ. ಕೀಳಬೇಕಾದದ್ದು ಎಡಗಡೆಯದು. ಇದನ್ನು ಪತ್ತೆ ಮಾಡಿ ಹೇಳಿದವರು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದ ನರ್ಸ್, ಇವತ್ತು ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಅಪ್ಪ ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ್ದಾಗ. ಸೂಜಿ ಚುಚ್ಚಿರಲಿಲ್ಲ. ಹಲ್ಲು ಉಳಿದಿದೆ. ಆದರೆ ಕೀಳಬೇಕಾದ ಹಲ್ಲೂ ಉಳಿದಿದೆ, ಮತ್ತು ಅದು ಉಳಿದಿರುವಷ್ಟು ದಿನ ಅವರ ಎದೆಯ ಆಪರೇಷನ್ ನಡೆಯುವುದಿಲ್ಲ.

ಸಮಾಚಾರ ಕೇಳುವ ಮೊದಲೇ ಸುದ್ದಿ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹದಿನೆಂಟು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳಿಗೆ ಮುಖ್ಯವಾದದ್ದನ್ನು ಮೂರನೇ ಪ್ಯಾರಾಕ್ಕೆ ತಳ್ಳಲು ಕೈ ಬರುವುದಿಲ್ಲ. ನೀನು ಹೇಗಿದ್ದೀಯಾ? ಪಾದದ ಊತ ಇಳಿಯಿತಾ? ಹಡಗಿನ ಅಡುಗೆಯವನು ಈಗಲಾದರೂ ಉಪ್ಪಿನ ಅಳತೆ ಕಲಿತನಾ? ಒದ್ದೆ ಬೂಟು ಹಾಕಿಕೊಂಡೇ ಓಡಾಡಬೇಡ, ನಿನಗೆ ಮೊದಲಿನಿಂದಲೂ ಬೆರಳ ಸಂದು ಕೆಡುತ್ತದೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಭಾವನ ಬೆನ್ನುನೋವು ಯಥಾಪ್ರಕಾರ ಇದೆ, ಅದರ ವರ್ಣನೆಯೂ ಯಥಾಪ್ರಕಾರ ಇದೆ.

ಈ ಕಾಗದ ನಿನ್ನ ಕೈ ಸೇರುವುದು ಶನಿವಾರ. ಅವತ್ತು ಹಡಗು ಇಂಧನಕ್ಕೆಂದು ಆರು ಗಂಟೆ ದಡದಲ್ಲಿ ನಿಲ್ಲುತ್ತದೆ ಎಂದು ಕಂಪನಿಯ ಏಜೆಂಟ್ ಹೇಳಿದರು. ಸಮುದ್ರದಲ್ಲಿ ಕೇಬಲ್ ಹಾಕುವ ಕೆಲಸ ನಡೆಯುವಾಗ ಮನೆಯವರ ಫೋನು ಒಳಗೆ ಬಿಡುವುದಿಲ್ಲವಂತೆ, ಸಾವಿನ ಸುದ್ದಿಯಾದರೆ ಮಾತ್ರ ರೇಡಿಯೋದಲ್ಲಿ ಹೇಳುತ್ತಾರಂತೆ. “ಸಾವಾಗದೇ ಇರಲಿ ಅಂತಲೇ ಹೇಳ್ತಿರೋದು ಸ್ವಾಮಿ” ಎಂದೆ. “ಹಾಗಾದ್ರೆ ಕಾಗದ ಕೊಡಿ ಮೇಡಂ, ಚೀಲಕ್ಕೆ ಹಾಕ್ತೀನಿ. ನಾಲ್ಕೂವರೆಗೆ ಚೀಲದ ಬಾಯಿ ಕಟ್ತೀನಿ” ಎಂದರು. ಫೋನು ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ. ಬೇಕಾಗಿರುವುದು ನಿನ್ನ ಶಾಯಿಯ ಸಹಿ. ಯಾವುದಕ್ಕೆ, ಯಾಕೆ ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಗಡಿಬಿಡಿಯಲ್ಲಿ ಓದಬೇಡ.

ಅಪ್ಪನ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂದು ಹಿಂದಿನ ಕಾಗದದಲ್ಲಿ ತಿಳಿಸಿದ್ದೆ. “ಬಾಗಿಲಿಗೆ ಚಿಲಕ ಹಾಕೋದು ಮರೆತಿದೆ, ಅಷ್ಟೆ” ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಆದರೆ ನಮ್ಮ ಮನೆಯ ಹನ್ನೊಂದು ಮೆಟ್ಟಿಲಲ್ಲಿ ಆರನೆಯದರ ಮೇಲೆ ಈಗ ಒಂದು ಮಣೆ ಹಾಕಿದ್ದೇವೆ. ಅಲ್ಲಿ ಕೂತು, ಉಸಿರು ಹಿಡಿದುಕೊಂಡು, ಚಪ್ಪಲಿ ಸರಿ ಮಾಡಿಕೊಳ್ಳುವವರ ಹಾಗೆ ನಟಿಸಿ, ಆಮೇಲೆ ಮೇಲೆ ಬರುತ್ತಾರೆ. ಇಪ್ಪತ್ತನಾಲ್ಕನೇ ತಾರೀಖು ಸೋಮವಾರ ಹೊಸ ಕವಾಟ ಕೂರಿಸಲು ದಿನ ಕೊಟ್ಟಿದ್ದಾರೆ. ಆ ದಿನ ತಪ್ಪಿದರೆ ಮುಂದಿನದು ನಾಲ್ಕು ತಿಂಗಳಾದ ಮೇಲೆ. ಕಾದರೆ ಏನಾಗುತ್ತದೆ ಎಂದು ಹೃದಯದ ಡಾಕ್ಟರನ್ನು ನೇರವಾಗಿಯೇ ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, “ನಾಲ್ಕು ತಿಂಗಳು ನಾನು ಕಾಯಬಹುದು, ನೀವು ಕಾಯಬಹುದು. ಆ ಕವಾಟ ಕಾಯುತ್ತೆ ಅಂತ ನನ್ನ ಕೈಲಿ ಬರೆದುಕೊಡೋಕಾಗಲ್ಲ” ಎಂದರು.

ಹಲ್ಲು ಎಲ್ಲಿಂದ ಬಂತು ಎಂದು ನೀನು ಕೇಳುತ್ತೀಯ, ನಾನೂ ಕೇಳಿದ್ದೆ. ಹಲ್ಲಿನ ಬೇರಿನಲ್ಲಿ ಕೀವಿದ್ದರೆ ಅದು ರಕ್ತಕ್ಕೆ ಇಳಿದು ಹೊಸ ಕವಾಟವನ್ನು ಹಿಡಿಯುತ್ತದಂತೆ. ಆದ್ದರಿಂದ ಬಾಯಿ ಶುದ್ಧವಾಗಿದೆ ಎಂದು ದಂತ ವಿಭಾಗದವರು ಸಹಿ ಹಾಕದೆ ಎದೆ ತೆರೆಯುವುದಿಲ್ಲ. ಎಕ್ಸ್‌ರೇಯಲ್ಲಿ ಅಪ್ಪನ ಎಡಗಡೆ ಕೆಳದವಡೆಯ ಒಂದು ಹಲ್ಲಿನ ಬುಡದಲ್ಲಿ ಹೆಸರುಕಾಳಿನಷ್ಟು ಕಪ್ಪು ಮಚ್ಚೆ ಕಂಡಿತು. ನೋವಿಲ್ಲ, ಊತವಿಲ್ಲ, ಅಲ್ಲಾಡುವುದೂ ಇಲ್ಲ. ಸದ್ದಿಲ್ಲದೆ ಕೆಟ್ಟಿದೆ. ಅದನ್ನು ಕಿತ್ತು ಗಾಯ ಮಾಯಲು ಹತ್ತು ದಿನ ಬೇಕು. ಲೆಕ್ಕ ಹಾಕು: ಹದಿನಾಲ್ಕರೊಳಗೆ ಕೀಳಬೇಕು.

ಇನ್ನು ನಿಯಮ. ನಮ್ಮ ಸಾರ್ವಜನಿಕ ವಿಮೆಯಲ್ಲಿ ಹೃದಯ, ಕಣ್ಣು, ಮೂಳೆ ಎಲ್ಲ ಸೇರಿವೆ. ಹಲ್ಲು ಮಾತ್ರ ಮಲಮಗನ ಹಾಗೆ. ಹದಿನಾರು ವರ್ಷದೊಳಗಿನವರಿಗೆ ಪೂರ್ತಿ ಉಂಟು. ದೊಡ್ಡವರಿಗೆ ಮೂರೇ ಸಂದರ್ಭ. ಪೆಟ್ಟು ಬಿದ್ದು ಮುರಿದರೆ ಒಂದು. ಜ್ವರ ಬಂದು ಮುಖ ಊದಿದರೆ ಇನ್ನೊಂದು. ಮೂರನೆಯದು, ಬೇರೆ ಯಾವುದೋ ದೊಡ್ಡ ಚಿಕಿತ್ಸೆಗೆ ಆ ಹಲ್ಲು ಅಡ್ಡಿಯಾದರೆ. ನಮ್ಮದು ಮೂರನೆಯದು. ಇದಕ್ಕೆ ಮುಂಚಿತ ಮಂಜೂರಾತಿ ಬೇಕು, ಅದೂ ಬಾಯಿಗಲ್ಲ, ಒಂದೊಂದು ಹಲ್ಲಿಗೆ, ನಂಬರಿನ ಪ್ರಕಾರ. ಮಂಜೂರಾದ ನಂಬರು ಬಿಟ್ಟು ಪಕ್ಕದ್ದನ್ನು ಮುಟ್ಟುವಂತಿಲ್ಲ. ಒಮ್ಮೆ ಬಳಸಿದರೆ ಆ ವರ್ಷಕ್ಕೆ ಅದು ಮುಗಿಯಿತು. ಹೊರಗೆ ಹೋಗಿ ಕೀಳಿಸಬಾರದೇ ಎಂದರೆ, ದುಡ್ಡಿನ ಮಾತಲ್ಲ ಇದು. ಅಪ್ಪ ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದಾರೆ. ಮೂರು ಖಾಸಗಿ ದಂತವೈದ್ಯರ ಬಳಿ ವಿಚಾರಿಸಿದೆ. ಮೂವರೂ ಮಾತ್ರೆಯ ಹೆಸರು ಕೇಳಿದ ಕೂಡಲೇ ಕೈಗವಸು ಬಿಚ್ಚಿ, ರಕ್ತ ನಿಲ್ಲದಿದ್ದರೆ ದೊಡ್ಡಾಸ್ಪತ್ರೆಯೇ ಗತಿ, ಅಲ್ಲಿಗೇ ಹೋಗಿ ಎಂದರು.

ಈಗ ತಪ್ಪಿಗೆ ಬರುತ್ತೇನೆ. ಅರ್ಜಿಯ ಜೊತೆ ಒಪ್ಪಿಗೆಯ ಪುಟ ಎಂದೊಂದಿದೆ. ಅದರಲ್ಲಿ ತೆರೆದ ಬಾಯಿಯ ಚಿತ್ರ, ಎಲ್ಲ ಹಲ್ಲೂ ಗುಂಡಗೆ ಸಾಲಾಗಿ. ದಂತವೈದ್ಯೆ ಕೆಟ್ಟ ಹಲ್ಲಿನ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿ, “ಮನೇಲಿ ಇದರ ಮೇಲೆ ಪೆನ್ನಲ್ಲಿ ತಿದ್ದಿ, ನಂಬರು ಬರೆದು, ಸಹಿ ಹಾಕಿ ತನ್ನಿ” ಎಂದು ಕೊಟ್ಟರು. ಆ ಚಿತ್ರ ವೈದ್ಯರು ಎದುರು ನಿಂತು ನೋಡಿದ ಹಾಗೆ ಇದೆ. ಎದುರಿಗೆ ನಿಂತವರ ಎಡಗೈ ನಮ್ಮ ಬಲಕ್ಕೆ ಬರುತ್ತದಲ್ಲ, ಹಾಗೆ. ಅಪ್ಪನ ಎಡದವಡೆ ಕಾಗದದ ಬಲಭಾಗದಲ್ಲಿರುತ್ತದೆ. ಎಡಗಡೆಯ ಆ ಹಲ್ಲಿನ ನಂಬರು ಮೂವತ್ತಾರು, ಬಲಗಡೆ ಅದರ ಜೋಡಿಯದು ನಲವತ್ತಾರು. (“ನನ್ನ ಬಾಯಲ್ಲಿ ಇರೋದೇ ಹತ್ತೊಂಬತ್ತು, ನಲವತ್ತಾರನೇದು ಎಲ್ಲಿಂದ ಬಂತು?” ಎಂದು ಅಪ್ಪ ಆವತ್ತೇ ಚಿತ್ರ ನೋಡಿ ಕೇಳಿದ್ದರು. ಎಲ್ಲರೂ ನಕ್ಕೆವು. ನಗುವ ಬದಲು ಉತ್ತರ ಹೇಳಬೇಕಿತ್ತು: ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದು, ಎರಡನೆಯದು ಮುಂದಿನಿಂದ ಎಷ್ಟನೇ ಹಲ್ಲು ಎಂದು.)

ಮನೆಗೆ ಬಂದು ಅಪ್ಪ ಮೇಜಿನ ಮುಂದೆ ಕೂತರು. ಪೆನ್ಸಿಲಿನ ಸುತ್ತು ಕಾಗದದ ಬಲಕ್ಕಿದೆ, ತಮ್ಮ ಹಲ್ಲು ಎಡಕ್ಕಿದೆ. ಆ ಡಾಕ್ಟರ್ ಹುಡುಗಿ ಅವಸರದಲ್ಲಿ ತಿರುವುಮುರುವು ಮಾಡಿದ್ದಾಳೆ ಎಂದು ತೀರ್ಮಾನಿಸಿದರು. ನಲವತ್ತೊಂದು ವರ್ಷ ಅಚ್ಚುಮೊಳೆ ಜೋಡಿಸಿದವರು, ತಿರುಗಿದ ಅಕ್ಷರವನ್ನು ನೆಟ್ಟಗಿನ ಅಕ್ಷರಕ್ಕಿಂತ ಬೇಗ ಓದುವವರು. ಅವರ ವಾದ ಇವತ್ತು ಬಸ್ಸಿನಲ್ಲಿ ಬರುವಾಗ ಗೊತ್ತಾಯಿತು: “ಮೊಳೆಯಲ್ಲಿ ಎಲ್ಲ ತಿರುಗಿರುತ್ತೆ, ಒಪ್ಪಿದೆ. ಕಾಗದಕ್ಕೆ ಬಂದ ಮೇಲೆ ನೆಟ್ಟಗಾಗಬೇಕು. ಅದು ಅಚ್ಚಾದ ಕಾಗದ ತಾನೇ? ಕಾಗದದಲ್ಲಿ ಎಡ ಅಂದ್ರೆ ಎಡವೇ.” ಬೇರೆ ಯಾರಾದರೂ ಆಗಿದ್ದರೆ ಡಾಕ್ಟರು ಹಾಕಿದ ಸುತ್ತನ್ನೇ ತೆಪ್ಪಗೆ ತಿದ್ದುತ್ತಿದ್ದರು. ಇವರು ರಬ್ಬರ್ ತಗೊಂಡು ಅದನ್ನು ಅಳಿಸಿ, ಕಾಗದದ ಎಡಬದಿಯ ಹಲ್ಲಿಗೆ ಶಾಯಿಯಲ್ಲಿ ಸುತ್ತು ಹಾಕಿ, ಅದರ ಪಕ್ಕ ಅಚ್ಚಾಗಿದ್ದ ನಲವತ್ತಾರನ್ನು ನೋಡಿ, ಚೌಕದಲ್ಲಿ ಮುತ್ತು ಪೋಣಿಸಿದ ಹಾಗೆ 46 ಎಂದು ಬರೆದರು. ಚಿತ್ರದ ಕೆಳಗೆ ‘ಎದುರಿನಿಂದ ಕಂಡಂತೆ’ ಎಂದು ಆರು ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಆರು ಪಾಯಿಂಟ್ ಓದುವುದಕ್ಕಲ್ಲ, ಓದಬಾರದೆಂದೇ ಹಾಕುವ ಅಳತೆ ಎಂಬುದು ಅಪ್ಪನ ಹಳೆಯ ಸಿದ್ಧಾಂತ. ಓದಲಿಲ್ಲ. ಲಕೋಟೆ ಅಂಟಿಸಿಯೇ ನನ್ನ ಕೈಗೆ ಕೊಟ್ಟರು. ದಿನಕ್ಕೆ ಹದಿನಾರು ಪುಟ ನೋಡುವ ನಾನು ಮನೆಯ ಒಂದು ಪುಟ ನೋಡಲಿಲ್ಲ. ಇದು ನನ್ನ ತಪ್ಪು, ಇದನ್ನು ಬೇರೆಯಾಗಿಯೇ ಲೆಕ್ಕ ಹಿಡಿ. ವಿಮಾ ಕಚೇರಿಯವರು ಚೌಕದಲ್ಲಿದ್ದ ನಂಬರನ್ನು ಯಂತ್ರಕ್ಕೆ ಹೊಡೆದರು, ಮಂಜೂರಾತಿ ಬಂತು.

ಬೆಳಿಗ್ಗೆ ಕುರ್ಚಿಯ ಪಕ್ಕ ನಾನೇ ನಿಂತಿದ್ದೆ. ನೆತ್ತಿಯ ಮೇಲೆ ದೀಪ, ಕೆನ್ನೆಯ ಒಳಗೆ ಹತ್ತಿ, ಎದೆಯ ಮೇಲೆ ಹಸಿರು ಬಟ್ಟೆ. ಇವತ್ತಿನ ಡಾಕ್ಟರು ಬೇರೆಯವರು, ಮಂಜೂರಾತಿ ನೋಡಿ “ನಲವತ್ತಾರು” ಎಂದು ಸೂಜಿಗೆ ಔಷಧ ಎಳೆದುಕೊಳ್ಳುತ್ತಿದ್ದರು. ನರ್ಸ್ ಸಣ್ಣ ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಟಕ್ ಟಕ್ ಎನಿಸಿದರು. ಮತ್ತೊಮ್ಮೆ ಎನಿಸಿದರು. “ಅಜ್ಜಾ, ಇದು ಕಲ್ಲಿನ ಹಾಗಿದೆಯಲ್ಲಾ, ಇದನ್ಯಾಕೆ ಕೀಳಿಸ್ಕೋತೀರಾ?” ಎಂದವರೇ ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದರು. ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ನಾನು ಅಪ್ಪನ ಮುಖ ನೋಡಿದೆ. ಗುಂಡಾ, ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಬಲಗಡೆಗೆ ಹತ್ತಿ ತುರುಕಿದಾಗಲೇ ಗೊತ್ತಾಗಿತ್ತು. ಆದರೂ ಸುಮ್ಮನೆ ಮೇಲೆ ದೀಪ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಯಾಕಪ್ಪಾ ಹೇಳಲಿಲ್ಲ ಎಂದು ಗದರಿದೆ. “ಹೇಳಬೇಕು ಅಂದ್ಕೊಂಡೆ, ಬಾಯಲ್ಲಿ ಹತ್ತಿ ಇತ್ತು” ಎಂದರು. ಕೈಯಲ್ಲಿ ಹತ್ತಿ ಇರಲಿಲ್ಲ. ಕೈ ಎತ್ತಬಹುದಿತ್ತು.

ಹತ್ತು ಗಂಟೆಗೆ ವಿಮಾ ಕಚೇರಿಯ ಆರನೇ ಕೌಂಟರಿನಲ್ಲಿದ್ದೆವು. ಅಲ್ಲಿನ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ, “ಬದಲಾವಣೆನಾ, ತಿದ್ದುಪಡಿನಾ?” ಎಂದು ಕೇಳಿದರು. ಎರಡೂ ಒಂದೇ ಅಲ್ಲವಾ ಎಂದೆ. “ಪೇಪರ್ ಆಫೀಸಲ್ಲಿ ಇರೋರು ನೀವೇ ಹೀಗಂದ್ರೆ ಹೇಗಮ್ಮಾ?” ಎಂದು ನನ್ನ ಕೊರಳಿನ ಗುರುತಿನ ಚೀಟಿ ನೋಡಿ ಚೆನ್ನಾಗಿಯೇ ಮಂಗಳಾರತಿ ಮಾಡಿದರು. ಬದಲಾವಣೆ ಎಂದರೆ ರೋಗಿ ಮನಸ್ಸು ಬದಲಿಸಿದ ಎಂದರ್ಥ. ಹೊಸ ಪರೀಕ್ಷೆ, ಹೊಸ ಅರ್ಜಿ, ಇಪ್ಪತ್ತೊಂದು ಕೆಲಸದ ದಿನ. ತಿದ್ದುಪಡಿ ಎಂದರೆ ಮನಸ್ಸು ಅದೇ, ಬರೆದದ್ದು ತಪ್ಪು ಎಂದರ್ಥ. ಕೌಂಟರಿನಲ್ಲೇ, ಅದೇ ದಿನ. ಆದರೆ ತಪ್ಪು ಎಂದ ಮೇಲೆ ಅದು ಯಾರದ್ದಾದರೂ ಆಗಿರಬೇಕು. ತಿದ್ದುಪಡಿಯ ನಮೂನೆ ಒಂದೇ ಹಾಳೆ. ಮೇಲೆ ದಂತವೈದ್ಯರ ಸಹಿ. ಅದನ್ನು ಹತ್ತೂ ಮುಕ್ಕಾಲಿಗೆ ಓಡಿಹೋಗಿ ಹಾಕಿಸಿಕೊಂಡು ಬಂದೆ. ನಡುವೆ ‘ತಪ್ಪು ಯಾರಿಂದ ಆಯಿತು’ ಎಂಬ ಚೌಕ. ತಪ್ಪು ಮಾಡಿದವರೇ ಸ್ವಹಸ್ತದಿಂದ ಬರೆಯಬೇಕು, ಮೂಲ ಪುಟದ ಕೈಬರಹದ ಜೊತೆ ತಾಳೆ ನೋಡುತ್ತಾರೆ. ಕೆಳಗೆ, ಅದನ್ನು ಓದಿದ್ದೇನೆ ಎಂದು ವಿಮೆಯ ಮುಖ್ಯ ಸದಸ್ಯನ ಸಹಿ. ಮುಖ್ಯ ಸದಸ್ಯ ನೀನು. ಒಂದು ಕಾರ್ಡಿಗೆ ಒಬ್ಬರೇ ಹಿರಿಯರು ಎಂಬ ನಿಯಮದಿಂದ ನನ್ನ ಕಾರ್ಡಿನಲ್ಲಿ ನನ್ನ ಅತ್ತೆ, ನಿನ್ನದರಲ್ಲಿ ಅಪ್ಪ. ಖಾಲಿ ಚೌಕದ ಕೆಳಗೆ ಹಾಕಿದ ಸಹಿ ನಡೆಯುವುದಿಲ್ಲ ಎಂದು ಆಕೆ ಎರಡು ಸಲ ಹೇಳಿದರು. ಎರಡನೇ ಸಲ ಅಪ್ಪನ ಕಡೆ ನೋಡಿ ಹೇಳಿದರು.

ಈಗ ಎರಡೂ ಕಾಲು ಗಂಟೆ. ಚೌಕ ಖಾಲಿ ಇದೆ.

ಅಪ್ಪ ಹೊರಕೋಣೆಯಲ್ಲಿ ಕೂತಿದ್ದಾರೆ. ಮೊಳೆ ಜೋಡಿಸುವ ಕಂಪೋಸಿಂಗ್ ಸ್ಟಿಕ್ ಅವರ ಮಡಿಲಲ್ಲಿದೆ. ಪ್ರೆಸ್ ಮುಚ್ಚಿದಾಗ ಮಾಲೀಕರು ಕೊಟ್ಟ ಮೊಳೆಗಳನ್ನೆಲ್ಲ ನೀನು ತೂಕಕ್ಕೆ ಹಾಕಿದ ಮೇಲೆ ಉಳಿದದ್ದು ಅದೊಂದೇ. ಮನೆಯಲ್ಲಿ ಜಾಗವಿರಲಿಲ್ಲ, ಅಷ್ಟು ಸೀಸದ ಭಾರಕ್ಕೆ ಮಹಡಿಯ ನೆಲ ತಡೆಯುತ್ತಿರಲಿಲ್ಲ. ನೀನು ಮಾಡಿದ್ದು ತಪ್ಪಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಕೇಳದೆ ಮಾಡಿದ್ದು ತಪ್ಪು, ಅದನ್ನೂ ಹೇಳುತ್ತೇನೆ. ಎರಡು ವರ್ಷದಿಂದ ನೀವಿಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದೀರಿ. ಇವತ್ತು ಮಾತ್ರ ನನ್ನ ಮೂಲಕ ಆಗುವುದಿಲ್ಲ. ಚೌಕದಲ್ಲಿ ನಾನೇ ನನ್ನ ಹೆಸರು ಬರೆದುಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಆದರೆ ಅಪ್ಪ ಬರೆಯುವ 4 ಯಾರಿಗೂ ಬರುವುದಿಲ್ಲ. ನೆತ್ತಿ ಮುಚ್ಚಿ, ಕಾಲಿಗೆ ಅಡ್ಡಗೆರೆ ಎಳೆದು, ಅಚ್ಚಿನ ನಾಲ್ಕಿನ ಹಾಗೆಯೇ ಬರೆಯುತ್ತಾರೆ. ತಾಳೆ ನೋಡಿದವರಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ, ಮತ್ತೆ ಇದ್ದದ್ದೂ ಹೋಗುತ್ತದೆ.

ಊಟದ ಹೊತ್ತಿಗೆ ಹಾಳೆ, ಪೆನ್ನು ಎರಡೂ ಅವರ ಮುಂದಿಟ್ಟೆ. “ಮುದ್ರಣದೋಷ ಅಂತ ಬರಿ” ಎಂದರು.

ನಿನಗೆ ನೆನಪಿರಬೇಕು, ದರ್ಜಿಗಳ ಸಂಘದ ಸಭೆಯ ಕರಪತ್ರ. ಶಾಲೆಗೆ ರಜೆಯೆಂದು ನೀನು ಜೋಡಿಸಿದ್ದೆ, ಹದಿನಾಲ್ಕು ವರ್ಷ ನಿನಗೆ. ಒಂಬತ್ತರ ಮೊಳೆ ಬುಡಮೇಲಾಗಿ ಆರಾಯಿತು. ಆರನೇ ತಾರೀಖು ನಲವತ್ತು ಜನ ದರ್ಜಿಗಳು ಬೀಗ ಹಾಕಿದ ಸಭಾಂಗಣದ ಮುಂದೆ ನಿಂತು, ಅಲ್ಲಿಂದ ನೆಟ್ಟಗೆ ಪ್ರೆಸ್ಸಿಗೆ ಬಂದರು. ಮಾಲೀಕರು ಪಾಪ, “ಮುದ್ರಣದೋಷ ಆಗಿಹೋಯ್ತು, ಕ್ಷಮಿಸಿ” ಎಂದರು. ಅಪ್ಪ ಒಪ್ಪಲಿಲ್ಲ. “ಮುದ್ರಣದೋಷ ಅಂತ ಒಂದು ಇಲ್ಲ. ಮಷೀನು ತಪ್ಪು ಮಾಡಲ್ಲ, ಕಾಗದ ತಪ್ಪು ಮಾಡಲ್ಲ. ಜೋಡಿಸಿದ ಕೈ ತಪ್ಪು ಮಾಡುತ್ತೆ. ಯಾರ ಕೈ?” ಎಂದು ಅಷ್ಟೂ ಜನರ ಮುಂದೆ ನಿನ್ನನ್ನು ಕೇಳಿದರು. “ನನ್ನ ಕೈ” ಎಂದು ಮೂರು ಸಲ ಹೇಳಿಸಿದರು. ನಿನ್ನ ಕಿವಿ ಕೆಂಪಾಗಿತ್ತು. ಆಮೇಲೆ ಒಂದು ವರ್ಷ ನಿನ್ನನ್ನು ‘ತಲೆಕೆಳಗ’ ಎಂದೇ ಕರೆದರು. ಮೊಳೆಗಳನ್ನು ನೀನು ತೂಕಕ್ಕೆ ಹಾಕಿದ ದಿನ ನನಗೆ ಯಾಕೋ ಅದೇ ನೆನಪಾಗಿತ್ತು. ನಿನ್ನನ್ನು ಕೇಳಲಿಲ್ಲ.

ಮುದ್ರಣದೋಷ ಎಂದದ್ದೇ ಅಪ್ಪನಿಗೂ ಅದು ನೆನಪಾಗಿರಬೇಕು. ಮುಖ ಕಿಟಕಿಯ ಕಡೆ ತಿರುಗಿಸಿದರು. “ಆ ಕೌಂಟರಿನವಳ ಮುಂದೆ ಬೇಕಾದ್ರೆ ಹೇಳ್ತೀನಿ, ಡಾಕ್ಟರ ಮುಂದೆ ಹೇಳ್ತೀನಿ. ಅವನು ಓದೋ ಕಾಗದದ ಮೇಲೆ ಬರೆಯಲ್ಲ” ಎಂದರು. ಹಾಗಾದರೆ ಇಪ್ಪತ್ತನಾಲ್ಕಕ್ಕೆ ಏನು ಮಾಡೋಣ ಎಂದು ಕೇಳಿದೆ. “ಚಿಲಕ ಇಲ್ಲದ ಬಾಗಿಲೂ ಬಾಗಿಲೇ” ಎಂದರು. ನನಗೆ ಸಿಟ್ಟು ಬಂತು. ತಟ್ಟೆ ತೆಗೆಯುವಾಗ ಸದ್ದು ಮಾಡಿದೆ. ಅವರು ಬಲಗಡೆಯಿಂದ ನಿಧಾನವಾಗಿ ಅಗಿಯುತ್ತಾ ಕೂತಿದ್ದರು, ಬೆಳಿಗ್ಗೆ ಕಳೆದುಕೊಳ್ಳಲು ಸಿದ್ಧವಾಗಿದ್ದ ಅದೇ ಹಲ್ಲಿನಿಂದ.

ಮೂರೂ ಇಪ್ಪತ್ತು. ಏಜೆಂಟರ ಆಫೀಸಿಗೆ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ನಾನು ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಚೌಕ ಹೇಗಿದ್ದರೂ ಹಾಳೆಯನ್ನು ಇದರ ಜೊತೆ ಇಡುತ್ತೇನೆ. ಖಾಲಿ ಬಂದರೆ ಸಹಿ ಹಾಕಿ ಉಪಯೋಗವಿಲ್ಲ. ಆದರೂ ಹಾಕಿ ಕಳಿಸು, ಕೌಂಟರಿನ ಮುಂದೆ ಕೂತು ಅಳುವುದಕ್ಕಾದರೂ ಒಂದು ಕಾಗದ ಇರಲಿ. ಅಪ್ಪನ ಮೇಲೆ ಬೇಸರ ಮಾಡಿಕೊಳ್ಳಬೇಡ. ಮಾಡಿಕೊಂಡರೂ ಇಪ್ಪತ್ತನಾಲ್ಕರ ಆಚೆಗೆ ಮಾಡಿಕೋ. ಭಾವ ನೆನೆಸಿಕೊಂಡಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಡೆಕ್ಕಿನ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಓಡಾಡಬೇಡ. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ಮರೆಯುವ ಮುನ್ನ, 3.40, ಆರನೇ ಮೆಟ್ಟಿಲಿನಿಂದ: ನಾನು ಇಳಿಯುವಾಗ ಅಪ್ಪ ಹಿಂದೆಯೇ ಇಳಿದು ಬಂದು ಮಣೆಯ ಮೇಲೆ ಕೂತರು. ಹಾಳೆ ಕೇಳಿದರು. ಉಸಿರು ಸರಿಹೋಗುವ ತನಕ ಕಾದು, ಸ್ಟಿಕ್ಕನ್ನು ಅಡಿಗಿಟ್ಟುಕೊಂಡು, ಚೌಕದಲ್ಲಿ ಬರೆದರು. ನೀನು ಹಾಳೆಯಲ್ಲೇ ನೋಡುತ್ತೀಯ, ಆದರೂ ನಕಲು ಮಾಡುತ್ತೇನೆ: “ಒಪ್ಪಿಗೆಯ ಪುಟದಲ್ಲಿ ‘ನಲವತ್ತಾರು’ ಎಂಬಲ್ಲಿ ‘ಮೂವತ್ತಾರು’ ಎಂದು ಓದಿಕೊಳ್ಳಿ. ಇದು ಮುದ್ರಣದೋಷವಲ್ಲ. ಎಡಬಲ ತಪ್ಪಿದ್ದು ನನ್ನ ಕೈ.” ಪೆನ್ನು ವಾಪಸು ಕೊಡುತ್ತಾ, “ಒಂದು ಸಲ ಸಾಕಾ, ಮೂರು ಸಲ ಬರೀಬೇಕಾ, ಕೇಳು ಅವನನ್ನ” ಎಂದರು. ಕೇಳಿದ್ದೇನೆ. ಉತ್ತರವನ್ನು ಅವರಿಗೇ ಬರಿ, ನನಗಲ್ಲ. ಮೊದಲು ಓದು, ಆಮೇಲೆ ಸಹಿ ಹಾಕು, ಶನಿವಾರವೇ ಅಲ್ಲಿನ ಏಜೆಂಟರ ಆಫೀಸಿನಿಂದ ಫ್ಯಾಕ್ಸಿನಲ್ಲಿ ನಕಲು ಕಳಿಸು. ಸದ್ಯಕ್ಕೆ ನಕಲು ನಡೆಯುತ್ತದೆ, ಮೂಲ ಪ್ರತಿಗೆ ಮೂವತ್ತು ದಿನ ಕೊಟ್ಟಿದ್ದಾರೆ. ಆರನೇ ಕೌಂಟರ್ ತಿದ್ದುಪಡಿಗಳನ್ನು ತೆಗೆದುಕೊಳ್ಳುವುದು ಸೋಮವಾರ, ಹತ್ತನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ. ಮೂವತ್ತಾರನೇ ಹಲ್ಲಿಗೆ ಕುರ್ಚಿ ಕೊಟ್ಟಿರುವುದು ಗುರುವಾರ, ಹದಿಮೂರನೇ ತಾರೀಖು, ಎಂಟು ಗಂಟೆಗೆ.